ಅಷ್ಟಪಾದಿಗೆ ರಜೆ, ಹಡಗಿಗೆ ದಿನಬಾಡಿಗೆ

ಮಡಗಾಸ್ಕರ್‌ನ ನೈಋತ್ಯ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆ ಬಂತೆಂದರೆ ಇಳಿತದ ಹೊತ್ತಿಗೆ ಕಡಲು ಬಹು ದೂರ ಹಿಂದೆ ಸರಿಯುತ್ತದೆ. ಹಾಗೆ ಬಯಲಾದ ಹವಳದ ಹಾಸಿನ ಮೇಲೆ ವೇಜೊ ಸಮುದಾಯದ ಹೆಂಗಸರು ಮೊನಚಾದ ಉದ್ದ ಕೋಲು ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಾರೆ. ಹುಡುಕುತ್ತಿರುವುದು ಅಷ್ಟಪಾದಿಯನ್ನು, ಅಂದರೆ ಆಕ್ಟೋಪಸ್ಸನ್ನು. ಆದರೆ ಕಲ್ಲಿನ ಬಣ್ಣಕ್ಕೆ ಬಣ್ಣ ಬೆರೆಸಿಕೊಂಡು ಕೂರುವ ಆ ಪ್ರಾಣಿ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅವರು ಅದರ ಮನೆಯ ಕಸ ನೋಡುತ್ತಾರೆ. ಬಿಲದ ಬಾಯಲ್ಲಿ ಒಡೆದ ಏಡಿಯ ಚಿಪ್ಪು, ಖಾಲಿ ಕಪ್ಪೆಚಿಪ್ಪು ಗುಡ್ಡೆಯಾಗಿ ಬಿದ್ದಿದ್ದರೆ ಒಳಗೆ ಯಾರೋ ಊಟ ಮುಗಿಸಿ ಕೂತಿದ್ದಾರೆ ಎಂದೇ ಲೆಕ್ಕ. ಕೋಲು ಒಳಗೆ ಹೋಗುತ್ತದೆ. ರೇಗಿದ ಅಷ್ಟಪಾದಿ ಅದನ್ನೇ ಅಪ್ಪಿಕೊಳ್ಳುತ್ತದೆ, ಹಾಗೇ ಹೊರಗೆ ಬರುತ್ತದೆ.

ಮೀನುಗಾರಿಕೆ ಎಂದಾಗ ನಮ್ಮ ಕಣ್ಣಿಗೆ ಮೊದಲು ಬರುವುದು ದೋಣಿ, ಬಲೆ, ಗಂಡಸರು. ದೋಣಿ ಹತ್ತದೆ ಕೈಯಲ್ಲೊಂದು ಕೋಲು ಹಿಡಿದು ಹೋಗುವವರು ಬಹುಕಾಲ ಅಂಕಿಅಂಶಗಳ ಪಟ್ಟಿಗೇ ಸೇರಿರಲಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪಾಲುದಾರರ ಜತೆ ಸೇರಿ 2023ರಲ್ಲಿ ಹೊರತಂದ ದೊಡ್ಡ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ಹಿಡಿಯುವ ಮೀನಿನಲ್ಲಿ ಶೇಕಡಾ 40ರಷ್ಟು ಸಣ್ಣ ಮೀನುಗಾರರದ್ದು. ಮನೆಯ ಊಟಕ್ಕಾಗಿ ಹಿಡಿಯುವವರನ್ನೂ ಸೇರಿಸಿದರೆ ಈ ಕಸುಬಿನಲ್ಲಿರುವ ಪ್ರತಿ ಹತ್ತು ಜನರಲ್ಲಿ ನಾಲ್ವರು ಹೆಂಗಸರು.

ವೇಜೊ ಜನರಿಗೆ ಅಷ್ಟಪಾದಿ ಮೊದಲು ಮನೆಯ ಸಾರಿಗಾಗುವಷ್ಟೇ ಆಗಿತ್ತು. ಯೂರೋಪಿಗೆ ರಫ್ತು ಮಾಡುವ ವ್ಯಾಪಾರಿಗಳು ಊರ ಬಾಗಿಲಿಗೇ ಬಂದು ಕಿಲೋ ಲೆಕ್ಕದಲ್ಲಿ ಕೊಳ್ಳತೊಡಗಿದ ಮೇಲೆ ಹಾಸಿನ ಮೇಲೆ ಜನ ಹೆಚ್ಚಾದರು, ಸಿಗುವ ಅಷ್ಟಪಾದಿ ಸಣ್ಣದಾಯಿತು. 2004ರ ನವೆಂಬರ್‌ನಲ್ಲಿ ಅಂಡಾವಡುವಾಕಾ ಎಂಬ ಹಳ್ಳಿಯವರು ಬ್ಲೂ ವೆಂಚರ್ಸ್ ಎಂಬ ಕಡಲ ಸಂರಕ್ಷಣೆಯ ಸಂಸ್ಥೆಯ ಜತೆ ಕೂತು ಮಾತಾಡಿ, ನೋಸಿ ಫಾಸಿ ಎಂಬ ಒಂದು ಹವಳದ ದಿಬ್ಬದಲ್ಲಿ ಏಳು ತಿಂಗಳು ಯಾರೂ ಅಷ್ಟಪಾದಿ ಹಿಡಿಯಬಾರದು ಎಂದು ಕಟ್ಟು ಮಾಡಿದರು. ಇಂಥ ಕಟ್ಟಿಗೆ ಮಲಗಾಸಿ ಭಾಷೆಯಲ್ಲಿ ‘ದಿನಾ’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ದಿನನಿತ್ಯದ ದಿನದಂತೆ ಕೇಳಿಸುತ್ತದೆ. ಅಲ್ಲಿ ಅದರರ್ಥ ಊರವರೇ ಕೂಡಿ ಮಾಡಿಕೊಂಡ ಕಟ್ಟಳೆ.

ಇಲ್ಲಿ ಅಷ್ಟಪಾದಿಯ ಜಾತಕ ನೋಡಬೇಕು. ಈ ಕರಾವಳಿಯ ಮುಖ್ಯ ಜಾತಿಯಾದ ಆಕ್ಟೋಪಸ್ ಸಯಾನಿಯಾ ಬದುಕುವುದು ಹೆಚ್ಚೆಂದರೆ ಒಂದು, ಒಂದೂವರೆ ವರ್ಷ. ಅಷ್ಟರಲ್ಲಿ ಗ್ರಾಂ ತೂಗದ ಮರಿ ಹಲವು ಕಿಲೋ ಮುಟ್ಟಬಲ್ಲದು. ಹರೆಯದಲ್ಲಿ ಅದು ತೂಕ ಇಮ್ಮಡಿ ಮಾಡಿಕೊಳ್ಳಲು ಒಂದೆರಡು ತಿಂಗಳು ಸಾಕು. ಅಷ್ಟು ಬಡ್ಡಿ ಕೊಡುವ ಬ್ಯಾಂಕು ಭೂಮಿಯ ಮೇಲಿಲ್ಲ. ಇನ್ನೊಂದು ಅನುಕೂಲ, ಬಿಲ ಹಿಡಿದ ಮೇಲೆ ಅದು ತನ್ನ ದಿಬ್ಬ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಇಂದು ಹಿಡಿಯದೆ ಬಿಟ್ಟದ್ದು ನಾಳೆ ಪಕ್ಕದೂರಿನವರ ಪಾಲಾಗುವ ಭಯ ಕಡಿಮೆ. ಆದರೆ ಬಡ್ಡಿಗೊಂದು ಕೊನೆಯ ತಾರೀಕೂ ಇದೆ. ಹೆಣ್ಣು ಬದುಕಿನಲ್ಲಿ ಒಂದೇ ಸಲ ಮೊಟ್ಟೆ ಇಡುತ್ತದೆ, ಬಿಲದ ಸೂರಿಗೆ ಎಳೆಎಳೆಯಾಗಿ ಅಂಟಿಸಿ, ಊಟ ಬಿಟ್ಟು ಕಾವಲು ಕೂರುತ್ತದೆ, ಮರಿಗಳು ಹೊರಬೀಳುವ ಹೊತ್ತಿಗೆ ಸಾಯುತ್ತದೆ. ಅಂದರೆ ಅತಿ ಬೇಗ ಹಿಡಿದರೂ ನಷ್ಟ, ಅತಿ ತಡವಾದರೂ ಊರಿನವರಿಗೆ ಏನೂ ದಕ್ಕದು. ಮುಂದಿನ ವರ್ಷಗಳಲ್ಲಿ ಹಳ್ಳಿಗಳು ಏಳು ತಿಂಗಳ ರಜೆಯನ್ನು ಎರಡು ಮೂರು ತಿಂಗಳಿಗೆ ಇಳಿಸಿದ್ದು ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಇನ್ನೊಂದು ಜಾಣತನವೆಂದರೆ, ಅವರು ಎಲ್ಲ ಕಡಲನ್ನೂ ಮುಚ್ಚುವುದಿಲ್ಲ. ಒಂದು ಹಳ್ಳಿಯ ಅಷ್ಟಪಾದಿ ನೆಲೆಯಲ್ಲಿ ಸುಮಾರು ಐದನೇ ಒಂದು ಭಾಗಕ್ಕಷ್ಟೇ ರಜೆ. ಉಳಿದ ಕಡೆ ಒಲೆ ಉರಿಯಲು ಬೇಕಾದಷ್ಟು ಸಿಗುತ್ತಿರುತ್ತದೆ. ಇಂಥ 36 ರಜೆಗಳ ಲೆಕ್ಕವನ್ನು 2015ರಲ್ಲಿ ಸಂಶೋಧಕರು ಪ್ರಕಟಿಸಿದರು. ಬಾಗಿಲು ತೆರೆದ ಮರುತಿಂಗಳು ಆ ನೆಲೆಗಳಲ್ಲಿ ಸಿಕ್ಕ ಅಷ್ಟಪಾದಿ ಮುಚ್ಚುವ ಮೊದಲಿಗಿಂತ ಏಳು ಪಟ್ಟಿಗೂ ಹೆಚ್ಚು ಏರಿತ್ತು, ಒಬ್ಬರ ಒಂದು ದಿನದ ಸಂಪಾದನೆಯ ತೂಕ ಸುಮಾರು ಶೇಕಡಾ 90ರಷ್ಟು ಹೆಚ್ಚಿತ್ತು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ಮೊದಲನೆಯದು ಅಷ್ಟು ದೊಡ್ಡದಾಗಲು ಒಂದು ಕಾರಣ, ತೆರೆದ ದಿನ ಅಲ್ಲಿ ಜಾತ್ರೆಯಷ್ಟು ಜನ ನೆರೆಯುವುದು. ರಜೆಗೆ ಒಪ್ಪಿದ್ದು ಒಂದು ಊರು, ಫಲಕ್ಕೆ ಬಂದದ್ದು ಹತ್ತೂರು ಎಂದಾದರೆ ಕಟ್ಟು ಮಾಡಿದವರಿಗೇ ಬೇಸರ ಬರುತ್ತದೆ. ಹಾಗಾಗಿಯೇ 2006ರಲ್ಲಿ ಅಕ್ಕಪಕ್ಕದ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಸೇರಿ ವೆಲೊಂಡ್ರಿಯಾಕೆ ಎಂಬ ಕೂಟ ಕಟ್ಟಿಕೊಂಡವು. ಪದದ ಅರ್ಥ ‘ಕಡಲಿನೊಡನೆ ಬಾಳು’. ಒಂದೇ ದಿನ ಮುಚ್ಚಿ ಒಂದೇ ದಿನ ತೆರೆದರೆ ಎಲ್ಲರಿಗೂ ಅವರವರ ದಿಬ್ಬವೇ ಹತ್ತಿರ. ಕಡಲಾಚೆ ಮಾರಿಷಸ್‌ಗೆ ಸೇರಿದ ರೋಡ್ರಿಗ್ಸ್ ದ್ವೀಪದವರು ಇದನ್ನು ನೋಡಿಕೊಂಡು 2012ರಿಂದ ತಮ್ಮಲ್ಲೂ ಎರಡು ತಿಂಗಳ ರಜೆ ಶುರುಮಾಡಿದರು. ಅಲ್ಲಿ ಅಷ್ಟಪಾದಿ ಚುಚ್ಚುವ ಹೆಂಗಸರಿಗೆ ಕ್ರಿಯೋಲ್ ಭಾಷೆಯಲ್ಲಿ ‘ಪಿಕೆಜ್’ ಎಂದೇ ಹೆಸರು, ಅದೊಂದು ಕಸುಬು.

ಕರ್ನಾಟಕದ ಕರಾವಳಿಯವರಿಗೆ ಜೂನ್, ಜುಲೈ ತಿಂಗಳ 61 ದಿನ ಯಾಂತ್ರಿಕ ಬೋಟುಗಳು ದಡದಲ್ಲೇ ನಿಲ್ಲುವುದು ಗೊತ್ತು. ತತ್ವ ಒಂದೇ ಅನಿಸಬಹುದು. ನಮ್ಮಲ್ಲಿ ತಾರೀಕು ಬರುವುದು ಸರ್ಕಾರದ ಆದೇಶದಲ್ಲಿ, ಅಲ್ಲಿ ತಾರೀಕು ಗೊತ್ತುಮಾಡುವುದು ಊರಿನ ಮರದ ಕೆಳಗೆ ನಡೆಯುವ ಮಾತುಕತೆಯಲ್ಲಿ. ನನ್ನ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಇದೇ ಮದ್ದನ್ನು ಎಲ್ಲ ಮೀನಿಗೂ ಕುಡಿಸಲು ಹೋದರೆ ಕೆಲಸ ಕೆಡುತ್ತದೆ. ಪಶ್ಚಿಮ ಪೆಸಿಫಿಕ್‌ನ ಪಲಾವು ದೇಶದ ಗ್ರೂಪರ್ ಮೀನು ನಿಧಾನವಾಗಿ ಬೆಳೆಯುತ್ತದೆ, ಹಲವು ಜಾತಿಗಳು ಹೆಣ್ಣಾಗಿ ಬದುಕು ಶುರುಮಾಡಿ ದೊಡ್ಡದಾದ ಮೇಲೆ ಗಂಡಾಗುತ್ತವೆ. ವರ್ಷದಲ್ಲಿ ಕೆಲವೇ ತಿಂಗಳು, ಚಂದ್ರನ ಗತಿಗೆ ಸರಿಯಾಗಿ, ಹವಳದಿಬ್ಬದ ಕಾಲುವೆಗಳಲ್ಲಿ ಸಾವಿರಾರು ಸೇರಿ ಮೊಟ್ಟೆ ಇಡುತ್ತವೆ. ಆ ಹೊತ್ತಿಗೆ ಬಲೆ ಇಳಿಸಿದರೆ ಹಲವು ವರ್ಷಗಳ ಸಂತಾನ ಒಂದೇ ರಾತ್ರಿಗೆ ಮುಗಿದೀತು. ಯಾವ ತಿಥಿಗೆ ಯಾವ ಮೀನು ಎಲ್ಲಿ ಕೂಡುತ್ತದೆ ಎಂಬುದು ಪಲಾವಿನ ಬೆಸ್ತರಿಗೆ ಬಾಯಿಪಾಠವಾಗಿತ್ತು. ಎಪ್ಪತ್ತರ ದಶಕದಲ್ಲಿ ರಾಬರ್ಟ್ ಜೊಹಾನೆಸ್ ಎಂಬ ಕಡಲ ಜೀವವಿಜ್ಞಾನಿ ಅವರ ಬಳಿ ಕಲಿತು ಬರೆದುಕೊಂಡದ್ದು ಆಗಿನ ವಿಜ್ಞಾನಕ್ಕೆ ಗೊತ್ತಿದ್ದುದಕ್ಕಿಂತ ಎಷ್ಟೋ ಹೆಚ್ಚಿತ್ತು. ಊರ ಮುಖಂಡರು ಕಡಲಿಗೆ ಹಾಕುವ ನಿಷೇಧಕ್ಕೆ ಅಲ್ಲಿ ‘ಬುಲ್’ ಎನ್ನುತ್ತಾರೆ. 1994ರಲ್ಲಿ ಗ್ರೂಪರ್ ಕೂಡುವ ಕಾಲದ ನಿಷೇಧ ದೇಶದ ಕಾನೂನೇ ಆಯಿತು.

ಅಷ್ಟಪಾದಿಗೆ ಒಂದೂರಿನ ಕಟ್ಟು, ಗ್ರೂಪರ್‌ಗೆ ಒಂದು ದೇಶದ ಕಟ್ಟು. ಹಾಗಾದರೆ ದಿಬ್ಬವೂ ಇಲ್ಲದ, ದೇಶವೂ ಇಲ್ಲದ ಮೀನಿಗೆ ಏನು ಮಾಡುವುದು?

ನಮ್ಮ ಕರಾವಳಿಯವರು ಕೇದರ ಎನ್ನುವ ಟ್ಯೂನಾ ಗುಂಪಿನ ಸ್ಕಿಪ್‌ಜಾಕ್ ಅಂಥ ಮೀನು. ಅದಕ್ಕೆ ಗಾಳಿಚೀಲ ಇಲ್ಲ, ಈಜು ನಿಲ್ಲಿಸಿದರೆ ಮುಳುಗುತ್ತದೆ. ಬಾಯಿ ತೆರೆದು ಮುಂದೆ ಮುಂದೆ ಈಜಿದರೇ ಕಿವಿರಿಗೆ ನೀರು, ಉಸಿರು. ಹುಟ್ಟಿನಿಂದ ಸಾವಿನವರೆಗೆ ಅದರ ಪ್ರಯಾಣ ನಿಲ್ಲುವುದಿಲ್ಲ. ಮಾಲ್ಡೀವ್ಸ್‌ನವರು ಅದನ್ನು ಇವತ್ತಿಗೂ ಗಾಳದಲ್ಲಿ ಒಂದೊಂದಾಗಿ ಹಿಡಿಯುತ್ತಾರೆ. ರಾತ್ರಿ ದೀಪ ಬಿಟ್ಟು ಸಣ್ಣ ಬೆಳ್ಳಿ ಮೀನುಗಳನ್ನು ಬಲೆಗೆ ಕರೆದು, ಧೋಣಿಯ ಹೊಟ್ಟೆಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಂಡು ಹೊರಡುತ್ತಾರೆ. (ಹೌದು, ದಿವೇಹಿ ಭಾಷೆಯಲ್ಲೂ ದೋಣಿಗೆ ಧೋಣಿ.) ಟ್ಯೂನಾ ಹಿಂಡು ಕಂಡಾಗ ಆ ಮೀನುಗಳನ್ನು ಎರಚುತ್ತಾರೆ, ಹಿಂದಿನಿಂದ ನೀರು ಚಿಮ್ಮಿಸಿ ಕಡಲ ಮೈ ಕದಡುತ್ತಾರೆ; ಹಸಿವಿನ ಹುಚ್ಚಿನಲ್ಲಿ ಟ್ಯೂನಾ ಬರೀ ಕೊಕ್ಕೆಗೂ ಬಾಯಿ ಹಾಕುತ್ತದೆ. ಕೊಕ್ಕೆಗೆ ಹಿಮ್ಮುಳ್ಳು ಇರುವುದಿಲ್ಲ. ಕೋಲನ್ನು ಹಿಂದಕ್ಕೆ ಬೀಸಿದರೆ ಮೀನು ತಲೆ ಮೇಲಿಂದ ಹಾರಿ, ಕೊಕ್ಕೆಯಿಂದ ತಾನೇ ಕಳಚಿ, ಧೋಣಿಯ ಹಲಗೆಗೆ ಬಡಿಯುತ್ತದೆ. ಬೇರೆ ಜೀವಿ ಸಿಕ್ಕಿ ಸಾಯುವುದು ತೀರಾ ಕಡಿಮೆ.  ನಮ್ಮ ಲಕ್ಷದ್ವೀಪ ಸಾಲಿನ ಮಿನಿಕಾಯ್‌ನಲ್ಲೂ ಇದೇ ಗಾಳ, ಇದೇ ಭಾಷೆಯ ಒಂದು ರೂಪ.

ಇಷ್ಟು ಒಪ್ಪವಾಗಿ ಹಿಡಿದರೂ ಮಾಲ್ಡೀವ್ಸ್‌ನವರ ಕೈಯಲ್ಲಿ ಎಲ್ಲವೂ ಇಲ್ಲ. ಮಲ್ಪೆ, ಮಂಗಳೂರಿನಲ್ಲಿ ಇಡೀ ಹಿಂಡನ್ನು ಬಲೆಯಿಂದ ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬೋಟು ಕಂಡವರು ಅದನ್ನು ಹತ್ತಾರು ಪಟ್ಟು ಹಿಗ್ಗಿಸಿ ಊಹಿಸಿಕೊಳ್ಳಲಿ. ಹಿಂದೂ ಮಹಾಸಾಗರದಲ್ಲಿ ದೂರದೇಶಗಳ ಅಂಥ ಹಡಗುಗಳು ಉಪಗ್ರಹಕ್ಕೆ ಸುಳಿವು ಕೊಡುವ ತೆಪ್ಪಗಳನ್ನು ತೇಲಿಬಿಡುತ್ತವೆ. ತೇಲುವುದರ ಕೆಳಗೆ ಮೀನು ಕೂಡುವುದು ಕಡಲ ವಾಡಿಕೆ. ಸ್ಕಿಪ್‌ಜಾಕ್ ಜತೆ ಹಳದಿ ರೆಕ್ಕೆಯ ಟ್ಯೂನಾದ ಮರಿಗಳೂ ಬರುತ್ತವೆ, ಒಂದೇ ಬಲೆಗೆ ಬೀಳುತ್ತವೆ. 2015ರಲ್ಲಿ ಈ ಸಾಗರದ ಹಳದಿ ರೆಕ್ಕೆ ಟ್ಯೂನಾವನ್ನು ಮಿತಿ ಮೀರಿ ಹಿಡಿಯಲಾಗಿದೆ ಎಂದು ವಿಜ್ಞಾನಿಗಳು ಹೇಳಿದರು. ಗಾಳದವರು ಆಗ ಕೋಲು ಬಿಟ್ಟು ಕಾಗದ ಹಿಡಿದರು: ಸ್ಕಿಪ್‌ಜಾಕ್ ಎಷ್ಟು ಉಳಿದಿದೆ ಎಂಬುದರ ಮೇಲೆ ಎಷ್ಟು ಹಿಡಿಯಬಹುದೆಂದು ತೀರ್ಮಾನವಾಗುವ ಸೂತ್ರವನ್ನು ಮಾಲ್ಡೀವ್ಸ್ ಮುಂದಿಟ್ಟು, 2016ರಲ್ಲಿ ಹಿಂದೂ ಮಹಾಸಾಗರದ ಟ್ಯೂನಾ ಆಯೋಗದಿಂದ ಒಪ್ಪಿಸಿತು.

ಪೆಸಿಫಿಕ್‌ನವರ ದಾರಿ ಬೇರೆ. ಕಿರಿಬಾಸ್ ದೇಶದ ನೆಲ 811 ಚದರ ಕಿಲೋಮೀಟರ್, ನಮ್ಮ ಒಂದು ತಾಲ್ಲೂಕಿನಷ್ಟು. ಅದರ ಹಕ್ಕಿನ ಕಡಲು ಸುಮಾರು 35 ಲಕ್ಷ ಚದರ ಕಿಲೋಮೀಟರ್, ಭಾರತದ ನೆಲಕ್ಕಿಂತ ದೊಡ್ಡದು. ಕಾಯಲು ಸಾಕಷ್ಟು ಹಡಗಿಲ್ಲದ ಇಂಥ ದೇಶಗಳು ಒಂಟಿಯಾಗಿ ಚೌಕಾಸಿಗೆ ಕೂತಾಗ ದೊಡ್ಡ ಹಡಗಿನವರು ಕೊಟ್ಟಷ್ಟೇ ಬೆಲೆ. 1982ರ ನೌರು ಒಪ್ಪಂದ ಅಂಥವರನ್ನು ಒಗ್ಗೂಡಿಸಿತು, ಇಂದು ಅದರಲ್ಲಿ ಎಂಟು ದೇಶಗಳಿವೆ. 2007ರಿಂದ ಅವರು ಮಾರುತ್ತಿರುವ ಸರಕು ಮೀನಲ್ಲ, ದಿನ. ವರ್ಷಕ್ಕೆ ಒಟ್ಟು ಇಷ್ಟು ಹಡಗು-ದಿನ ಎಂದು ಮೊದಲೇ ನಿಗದಿ. ಅದನ್ನು ಹಂಚಿಕೊಂಡು, ಒಂದು ದಿನಕ್ಕೆ ಇಂತಿಷ್ಟಕ್ಕಿಂತ ಕಡಿಮೆಗೆ ಯಾರೂ ಬಿಡುವಂತಿಲ್ಲ. 2015ರಲ್ಲಿ ಆ ಕನಿಷ್ಠ ದರ ದಿನಕ್ಕೆ 8,000 ಡಾಲರ್. 2010ರಲ್ಲಿ ಸುಮಾರು 6 ಕೋಟಿ ಡಾಲರ್ ಇದ್ದ ಆದಾಯ ಕೆಲವೇ ವರ್ಷಗಳಲ್ಲಿ ಸುಮಾರು 50 ಕೋಟಿಗೆ ಏರಿತು. ದುಡ್ಡು ಸೇರುವುದು ಸರ್ಕಾರದ ಖಜಾನೆಗೆ; ಹವಳದ ಉಂಗುರದಾಚೆ ದೋಣಿ ಹುಟ್ಟು ಹಾಕುವವನ ಕೈಗೆ ಅದು ಶಾಲೆ, ಆಸ್ಪತ್ರೆಯಾಗಿ ಸುತ್ತಿಬರಬೇಕು. ಈ ಸುತ್ತು ಎಷ್ಟು ಉದ್ದವಿದೆ ಎಂಬ ತಕರಾರು ಆ ದ್ವೀಪಗಳಲ್ಲಿ ಇದ್ದೇ ಇದೆ, ಅದು ನ್ಯಾಯವಾದ ತಕರಾರು.

ಈ ದಿನಗಳನ್ನು ದೇಶ ದೇಶಗಳು ತಮ್ಮೊಳಗೆ ಕೈ ಬದಲಿಸಬಹುದು ಎಂಬುದು ಯೋಜನೆಯ ಸೊಗಸು. ಸ್ಕಿಪ್‌ಜಾಕ್ ಹಿಂಡುಗಳು ಪಶ್ಚಿಮ ಪೆಸಿಫಿಕ್‌ನ ಬೆಚ್ಚನೆ ನೀರಿನ ಅಂಚನ್ನು ಹಿಂಬಾಲಿಸುತ್ತವೆ. ಪೆಸಿಫಿಕ್‌ನ ನಡು, ಪೂರ್ವದ ನೀರು ಎಂದಿಗಿಂತ ಬೆಚ್ಚಗಾಗುವ ಎಲ್ ನಿನೊ ವರ್ಷದಲ್ಲಿ ಆ ಅಂಚು ಸಾವಿರಾರು ಕಿಲೋಮೀಟರ್ ಪೂರ್ವಕ್ಕೆ ಸರಿಯುತ್ತದೆ, ಮೀನು ಪಪುವಾ ನ್ಯೂಗಿನಿಯ ಕಡೆಯಿಂದ ಕಿರಿಬಾಸ್ ಕಡೆ ಹೋಗುತ್ತದೆ. ಹಿಂದೆಯೇ ದಿನಗಳೂ ಹೋಗುತ್ತವೆ. ಮರುವರ್ಷ ಅದು ಹಿಂತಿರುಗಿದರೆ ಇವೂ ಹಿಂತಿರುಗುತ್ತವೆ.

ಕಡಲು ಬಿಸಿಯಾಗುತ್ತಾ ಹೋದಂತೆ ಈ ಸರಿತ ಹಿಂತಿರುಗದ ಸರಿತವಾಗಬಹುದು ಎಂಬುದು ವಿಜ್ಞಾನಿಗಳ ಈಚಿನ ಲೆಕ್ಕ. ಹಸಿರುಮನೆ ಅನಿಲಗಳು ಈಗಿನಂತೆ ಏರುತ್ತಲೇ ಹೋದರೆ ಹತ್ತು ಪೆಸಿಫಿಕ್ ದ್ವೀಪದೇಶಗಳ ಕಡಲಿನಲ್ಲಿರುವ ಟ್ಯೂನಾ 2050ರ ಹೊತ್ತಿಗೆ ಸರಾಸರಿ ಶೇಕಡಾ 13ರಷ್ಟು ಕಡಿಮೆಯಾದೀತು ಎಂದು 2021ರ ಅಧ್ಯಯನವೊಂದು ಅಂದಾಜು ಮಾಡಿತು. ಆ ಮೀನು ಸಾಯುವುದಿಲ್ಲ, ಪೂರ್ವದ ಕಡೆ, ಬಹುಪಾಲು ಯಾವ ದೇಶದ ಗಡಿಯೂ ಇಲ್ಲದ ನಡುಗಡಲಿಗೆ ಹೋಗುತ್ತದೆ. ಅಲ್ಲಿಗೆ ಹಡಗು ಹೋಗಬಹುದು, ಬಲೆ ಇಳಿಯಬಹುದು. ಕಿರಿಬಾಸ್ ಮಾರುವ ದಿನ ಅಲ್ಲಿ ನಡೆಯುವುದಿಲ್ಲ.