ಶೀ-ಹಲ್ಕ್: ಮೊದಲ ಕಂತಿಗೇ ಎದ್ದ ಗಲಾಟೆಯ ಹಿಂದೆ ಏನೇನಿತ್ತು?

2022ರ ಆಗಸ್ಟ್ 18ರಂದು ಡಿಸ್ನಿ ಪ್ಲಸ್ ಎಂಬ ಸ್ಟ್ರೀಮಿಂಗ್ ವೇದಿಕೆಯಲ್ಲಿ 'ಶೀ-ಹಲ್ಕ್: ಅಟಾರ್ನಿ ಅಟ್ ಲಾ' ಎಂಬ ಮಾರ್ವೆಲ್ ಸೂಪರ್‌ಹೀರೋ ಸರಣಿಯ ಮೊದಲ ಕಂತು ಬಂತು. ಮುಕ್ಕಾಲು ಗಂಟೆಯೂ ಇಲ್ಲದ ಕಂತು ಅದು. ಜಗಳ ಮಾತ್ರ ವರ್ಷಗಟ್ಟಲೆ ನಡೆಯಿತು. ಈಗಲೂ ಆ ಹೆಸರೆತ್ತಿದರೆ ಒಬ್ಬರು, 'ಹೆಣ್ಣು ನಾಯಕಿ ಅನ್ನೋ ಕಾರಣಕ್ಕೇ ಮುಗಿಸಿಬಿಟ್ಟರು' ಅಂತಾರೆ. ಇನ್ನೊಬ್ಬರು, 'ಸರಣಿಯೇ ಚೆನ್ನಾಗಿರಲಿಲ್ಲ, ಸುಮ್ನೆ ನೋಡುಗರನ್ನು ಬೈತೀರಿ' ಅಂತಾರೆ. ಇಬ್ಬರ ಕೈಯಲ್ಲೂ ಪುರಾವೆ ಇದೆ. ಆದರೆ ಇಬ್ಬರೂ ಬೇರೆ ಬೇರೆ ವಿಷಯದ ಬಗ್ಗೆ ಮಾತಾಡುತ್ತಿದ್ದಾರೆ.

ಸೂಪರ್‌ಹೀರೋ ಅಭಿಮಾನಿಗಳ ಸಿಟ್ಟು ಹಳೆಯದು. 1966ರಲ್ಲಿ ಎಬಿಸಿ ಚಾನೆಲ್‌ನಲ್ಲಿ ಬ್ಯಾಟ್‌ಮ್ಯಾನ್ ಶುರುವಾದಾಗ ಮನೆಮಂದಿಯೆಲ್ಲ ನಕ್ಕು ಖುಷಿಪಟ್ಟರು, ಕಾಮಿಕ್ಸ್ ಓದುವವರಲ್ಲಿ ಹಲವರಿಗೆ ತಮ್ಮ ನಾಯಕನನ್ನು ಗೇಲಿ ಮಾಡಿದರು ಅನ್ನಿಸಿತು. 1988ರಲ್ಲಿ ಮೈಕೆಲ್ ಕೀಟನ್ ಬ್ಯಾಟ್‌ಮ್ಯಾನ್ ಆಗುತ್ತಾರೆ ಅಂತ ತಿಳಿದಾಗ ಸ್ಟುಡಿಯೋಗೆ ಸಾವಿರಾರು ಪತ್ರ ಹೋದವು. 2013ರಲ್ಲಿ ಮಾರ್ವೆಲ್‌ನ ಟಿವಿ ಸರಣಿ 'ಏಜೆಂಟ್ಸ್ ಆಫ್ ಶೀಲ್ಡ್' ಶುರುವಾದಾಗ ಮೊದಲ ಕಂತನ್ನು ಅಮೆರಿಕದಲ್ಲಿ ಸುಮಾರು 1.2 ಕೋಟಿ ಜನ ನೋಡಿದರು. ನಂತರದ ಕಂತುಗಳು ಬೋರು ಅಂತ ಹಲವರು ಬಿಟ್ಟರು. ಆದರೆ ಅದು 22 ಕಂತುಗಳ ಸೀಸನ್. 2014ರ ಏಪ್ರಿಲ್‌ನಲ್ಲಿ ಕಥೆ ತಿರುವು ಪಡೆದ ಮೇಲೆ ಬೈದವರಲ್ಲೇ ಎಷ್ಟೋ ಜನ ವಾಪಸ್ ಬಂದರು. ಸರಣಿ ಏಳು ಸೀಸನ್ ಓಡಿತು.

ಆಮೇಲೆ ಬದಲಾಗಿದ್ದು ಸಿಟ್ಟಲ್ಲ, ಸಿಟ್ಟನ್ನು ಅಳೆಯುವ ರೀತಿ. ಪತ್ರದಲ್ಲಿ ಕಾರಣ ಬರೆಯಬೇಕಿತ್ತು. ಇಂಟರ್ನೆಟ್‌ನಲ್ಲಿ ಸ್ಟಾರ್ ಒತ್ತುವುದಕ್ಕೆ ಕಾರಣ ಬೇಕಿಲ್ಲ, ಕಂತು ನೋಡಿರಲೂ ಬೇಕಿಲ್ಲ. ಇದರ ಬಿಸಿ ಜೋರಾಗಿ ತಟ್ಟಿದ್ದು 2019ರಲ್ಲಿ, ಹೆಣ್ಣು ನಾಯಕಿಯ 'ಕ್ಯಾಪ್ಟನ್ ಮಾರ್ವೆಲ್' ಸಿನಿಮಾ ಬರುವ ಮುಂಚೆ. ಆ ಫೆಬ್ರವರಿಯಲ್ಲಿ, ವಿಮರ್ಶಕರ ಮತ್ತು ಪ್ರೇಕ್ಷಕರ ಅಂಕ ತೋರಿಸುವ ವೆಬ್‌ಸೈಟ್ ರಾಟನ್ ಟೊಮೇಟೋಸ್, ಸಿನಿಮಾ ಬಿಡುಗಡೆಗೂ ಮೊದಲೇ ಜನ ಕಾಮೆಂಟ್ ಹಾಕುವ ಅವಕಾಶವನ್ನು ತೆಗೆಯಿತು. ಮೇ ತಿಂಗಳಲ್ಲಿ, ಟಿಕೆಟ್ ಕೊಂಡಿದ್ದಾರೆ ಅಂತ ಖಾತ್ರಿಯಾದ ಪ್ರೇಕ್ಷಕರ ಅಂಕವನ್ನು ಬೇರೆಯಾಗಿ ತೋರಿಸಲು ಶುರುಮಾಡಿತು. ಥಿಯೇಟರ್ ಸಿನಿಮಾಗೆ ಇದು ಸರಿಹೋಯಿತು. ಆದರೆ ಮನೆಯಲ್ಲಿ ಕೂತು ನೋಡುವ ಸರಣಿಗೆ ಟಿಕೆಟ್ ಎಲ್ಲಿದೆ? ಬಾಗಿಲು ತೆರೆದೇ ಉಳಿಯಿತು.

2022ರ ಜೂನ್‌ನಲ್ಲಿ 'ಮಿಸ್ ಮಾರ್ವೆಲ್' ಸರಣಿ ಬಂತು. ನ್ಯೂಜೆರ್ಸಿಯ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್ ಕಥೆ. ವಿಮರ್ಶಕರು ಹೆಚ್ಚುಕಡಿಮೆ ಒಮ್ಮತದಿಂದ ಮೆಚ್ಚಿದರು. ಜನ ರೇಟಿಂಗ್ ಕೊಡುವ ವೆಬ್‌ಸೈಟ್ ಐಎಂಡಿಬಿಯಲ್ಲಿ ಮೊದಲ ಕಂತಿಗೇ ಒಂದೇ ಸ್ಟಾರ್‌ನ ರೇಟಿಂಗ್‌ಗಳ ರಾಶಿ ಬಿತ್ತು. ಗುಂಪಾಗಿ ಬಂದು ಬೇಕಂತಲೇ ಕಡಿಮೆ ಅಂಕ ಸುರಿಯುವ ಇದಕ್ಕೆ 'ರಿವ್ಯೂ ಬಾಂಬಿಂಗ್' ಅನ್ನುವ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಶೀ-ಹಲ್ಕ್ ಬಂದಿದ್ದು ಇದಾದ ಎರಡು ತಿಂಗಳಿಗೆ.

ನಿಜ ಹೇಳಬೇಕೆಂದರೆ ಅದರ ಗಲಾಟೆ ಮೇ ತಿಂಗಳ ಟ್ರೇಲರ್‌ನಿಂದಲೇ ಶುರುವಾಗಿತ್ತು. ನಾಯಕಿಯ ಪಾತ್ರ ಮಾಡಿದ ನಟಿ ಟಟಿಯಾನಾ ಮಸ್ಲಾನಿ ಶೀ-ಹಲ್ಕ್‌ನ ಹಸಿರು ರೂಪಕ್ಕೆ ತಿರುಗಿದಾಗ ಮುಖ ಗೊಂಬೆಯಂತೆ ಕಾಣುತ್ತದೆ ಅನ್ನೋದು ದೂರು. ಅದು ದ್ವೇಷದ ಮಾತಾಗಿರಲಿಲ್ಲ, ಕಣ್ಣಿಗೆ ಕಂಡಿದ್ದನ್ನು ಹೇಳಿದ್ದು. ಅದೇ ಬೇಸಿಗೆಯಲ್ಲಿ, ಮಾರ್ವೆಲ್ ಕೆಲಸ ಮಾಡುವ ಗ್ರಾಫಿಕ್ಸ್ ಕಲಾವಿದರು ತಮ್ಮ ಮೇಲಿನ ಒತ್ತಡದ ಬಗ್ಗೆ ಹೇಳಿಕೊಳ್ಳತೊಡಗಿದ್ದರು. ಸಮಯ ಕಡಿಮೆ, ಬದಲಾವಣೆ ಜಾಸ್ತಿ.

ಮೊದಲ ಕಂತಿನ ಕಥೆ ಸರಳ. ವಕೀಲೆ ಜೆನಿಫರ್ ವಾಲ್ಟರ್ಸ್‌ಗೆ ಕಾರು ಅಪಘಾತದಲ್ಲಿ ಸೋದರ ಸಂಬಂಧಿ, ಸಿಟ್ಟು ಬಂದಾಗ ಹಲ್ಕ್ ಎಂಬ ಹಸಿರು ದೈತ್ಯನಾಗುತ್ತಿದ್ದ ಬ್ರೂಸ್ ಬ್ಯಾನರ್‌ನ ರಕ್ತ ಸೇರುತ್ತದೆ. ಬ್ರೂಸ್ ಅವಳನ್ನು ಮೆಕ್ಸಿಕೋಗೆ ಕರೆದೊಯ್ದು ಹಲ್ಕ್ ಆಗಿ ಬದುಕುವುದನ್ನು ಕಲಿಸಲು ಹೊರಡುತ್ತಾನೆ. ತಾನು ವರ್ಷಗಟ್ಟಲೆ ಒದ್ದಾಡಿ ಕಲಿತದ್ದು ಅವಳಿಗೆ ಸಲೀಸಾಗಿ ಬರುತ್ತದೆ. ಯಾಕೆಂದರೆ ಅವಳ ಪ್ರಕಾರ ಸಿಟ್ಟು ನುಂಗುವುದು ಅವಳಿಗೆ ದಿನದ ಕೆಲಸ. ಬೀದಿಯಲ್ಲಿ ಗಂಡಸರು ಚುಡಾಯಿಸಿದಾಗ, ತನಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಯಾರೋ ತನಗೆ ಪಾಠ ಮಾಡಿದಾಗ.

ಈ ಒಂದು ಮಾತು ನೋಡುಗರನ್ನು ಎರಡು ಭಾಗ ಮಾಡಿತು. ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮ ಮನಸ್ಸಿನ ಮಾತನ್ನೇ ಪರದೆ ಮೇಲೆ ಕೇಳಿದ ಹಾಗಾಯಿತು. ಹಲ್ಕ್‌ನನ್ನು ಬಾಲ್ಯದಿಂದ ಪ್ರೀತಿಸಿದವರಿಗೆ ನೋವಾಯಿತು. ಅವರ ವಾದವನ್ನೂ ಕೇಳಬೇಕು. 2012ರ 'ಅವೆಂಜರ್ಸ್' ಸಿನಿಮಾದಲ್ಲಿ ಬ್ರೂಸ್ ತಾನು ಸಾಯಲು ಪ್ರಯತ್ನಿಸಿದ್ದೆ ಎಂದು ಹೇಳುತ್ತಾನೆ. ಅಂಥವನ ಕಷ್ಟವನ್ನು ಒಂದು ತಮಾಷೆ ದೃಶ್ಯದಲ್ಲಿ ಹಗುರ ಮಾಡಿದರು ಅನ್ನಿಸಿದರೆ ಅದು ತಪ್ಪಾ? ನನಗೆ ಜೆನಿಫರ್ ಮಾತು ನೂರಕ್ಕೆ ನೂರು ನಿಜ ಅನ್ನಿಸುತ್ತದೆ. ಆದರೆ ಅಷ್ಟು ಭಾರದ ಮಾತಿಗೆ ಕಂತು ಕೊಟ್ಟ ಜಾಗ ಕಡಿಮೆ. ಇದಕ್ಕೂ ಒಂದು ಹಿನ್ನೆಲೆ ಇದೆ. ತಯಾರಕರೇ ಹೇಳಿಕೊಂಡಂತೆ, ಈ ಮೂಲಕಥೆ ಸರಣಿಯ ಕೊನೆ ಭಾಗದಲ್ಲಿ ಬರಬೇಕಿತ್ತು, ಆಮೇಲೆ ಮೊದಲಿಗೆ ತಂದರು. ಅಂದರೆ ಜಗತ್ತು ತೀರ್ಪು ಕೊಟ್ಟ ಮೊದಲ ಕಂತು, ಮೊದಲ ಕಂತಾಗಿ ಹುಟ್ಟಿದ್ದೇ ಅಲ್ಲ.

ಜೆನಿಫರ್ ನೇರವಾಗಿ ಕ್ಯಾಮೆರಾ ನೋಡಿ ಮಾತಾಡಿದ್ದಕ್ಕೆ 'ಡೆಡ್‌ಪೂಲ್ ನಕಲು' ಎಂಬ ಟೀಕೆಯೂ ಬಂತು. ಡೆಡ್‌ಪೂಲ್ ಕೂಡ ಹಾಗೇ ಮಾತಾಡುವ ಇನ್ನೊಂದು ಮಾರ್ವೆಲ್ ಪಾತ್ರ. ಇದು ಮಾತ್ರ ಸರಿಯಲ್ಲ. ಜಾನ್ ಬರ್ನ್ ಬರೆದ ಕಾಮಿಕ್ಸ್‌ನಲ್ಲಿ ಶೀ-ಹಲ್ಕ್ 1989ರಲ್ಲೇ ಓದುಗರ ಜೊತೆ ಮಾತಾಡುತ್ತಿದ್ದಳು. ಡೆಡ್‌ಪೂಲ್ ಹುಟ್ಟಿದ್ದೇ 1991ರಲ್ಲಿ.

ಸೆಪ್ಟೆಂಬರ್ 1ರ ಮೂರನೇ ಕಂತು ಇಡೀ ಪ್ರಕರಣದ ತಿರುವು. ಕಥೆಯೊಳಗೆ ಶೀ-ಹಲ್ಕ್ ಬಗ್ಗೆ ಜನ ಹಾಕಿದ ಪೋಸ್ಟ್‌ಗಳು ಸಾಲಾಗಿ ಬರುತ್ತವೆ. 'ಹೀರೋಗಳನ್ನೆಲ್ಲ ಯಾಕೆ ಹೆಣ್ಣು ಮಾಡ್ತೀರಿ' ಎಂಬ ಧಾಟಿಯವು. ಹೊರಗೆ ನಿಜವಾಗಿಯೂ ಜನ ಬರೆಯುತ್ತಿದ್ದುದೂ ಅದನ್ನೇ! ಆದರೆ ಆ ದೃಶ್ಯ ಬರೆದು ಚಿತ್ರೀಕರಿಸಿದ್ದು ಬಿಡುಗಡೆಗೆ ಎಷ್ಟೋ ತಿಂಗಳು ಮೊದಲು. ಮುಖ್ಯ ಬರಹಗಾರ್ತಿ ಜೆಸಿಕಾ ಗಾವ್ ಮತ್ತು ತಂಡ ಇದನ್ನು ಮುಂಚೆಯೇ ಊಹಿಸಿತ್ತು. ಜಾಣತನ ನಿಜ. ಅದಕ್ಕೊಂದು ಬೆಲೆಯೂ ಇತ್ತು. ಗ್ರಾಫಿಕ್ಸ್ ಬಗ್ಗೆ, ಅವಸರದ ಕೋರ್ಟ್ ದೃಶ್ಯಗಳ ಬಗ್ಗೆ ದೂರಿದವರಿಗೆ, ತಮ್ಮನ್ನೂ ಅದೇ ಗುಂಪಿಗೆ ಸೇರಿಸಿದರು ಅನ್ನಿಸಿತು. ಇತ್ತ ದ್ವೇಷಕ್ಕಾಗಿಯೇ ಬಂದಿದ್ದವರು, ನಾವೂ ಬರವಣಿಗೆ ಬಗ್ಗೆಯೇ ಮಾತಾಡಿದ್ದು ಎಂದರು. ಯಾರು ಯಾವ ಕಡೆ ಅಂತ ಹೇಳುವುದೇ ಕಷ್ಟವಾಯಿತು.

ಅಂಕಗಳಲ್ಲೂ ಅದೇ ಗೊಂದಲ. ರಾಟನ್ ಟೊಮೇಟೋಸ್‌ನಲ್ಲಿ ವಿಮರ್ಶಕರ ಅಂಕ 80ರ ಆಸುಪಾಸು, ಪ್ರೇಕ್ಷಕರದ್ದು ಅದರ ಅರ್ಧಕ್ಕಿಂತ ಕೆಳಗೆ. ಆದರೆ ವಿಮರ್ಶಕರ 80 ಅಂದರೆ ನೂರಕ್ಕೆ 80 ಮಾರ್ಕ್ಸ್ ಅಲ್ಲ. ನೂರರಲ್ಲಿ 80 ಜನ 'ಪರವಾಗಿಲ್ಲ'ದಿಂದ 'ಅದ್ಭುತ'ದವರೆಗೆ ಏನೋ ಒಳ್ಳೆಯದು ಹೇಳಿದ್ದಾರೆ ಅಂತ ಅರ್ಥ. ಪ್ರೇಕ್ಷಕರ ಅಂಕದಲ್ಲಿ ಒಂಬತ್ತೂ ಕಂತು ನೋಡಿ ಬೇಸರಪಟ್ಟವರೂ ಇದ್ದಾರೆ, ಒಂದನ್ನೂ ನೋಡದವರೂ ಇರಬಹುದು. ಎರಡನ್ನು ಅಕ್ಕಪಕ್ಕ ಇಟ್ಟು ಯಾರು ಸರಿ ಅಂತ ಕೇಳುವುದೇ ಅರ್ಥವಿಲ್ಲದ ಕೆಲಸ.

ಅಕ್ಟೋಬರ್ 13ರ ಕೊನೆಯ ಕಂತಿನಲ್ಲಿ ಜೆನಿಫರ್ ಡಿಸ್ನಿ ಪ್ಲಸ್‌ನ ಮೆನು ದಾಟಿ ಬರಹಗಾರರ ಕೋಣೆಗೇ ನುಗ್ಗಿ, ತನ್ನ ಕಥೆ ಬದಲಿಸಿ ಅಂತ ಜಗಳ ತೆಗೆಯುತ್ತಾಳೆ. ಅಷ್ಟು ಧೈರ್ಯದ ಕಂತನ್ನು, ಮೊದಲ ವಾರದಲ್ಲೇ ತೀರ್ಮಾನ ಮಾಡಿ ಎದ್ದುಹೋದ ಎಷ್ಟೋ ಜನ ನೋಡಲೇ ಇಲ್ಲ ಅನ್ನೋದು ನನ್ನ ಬೇಸರ.

ಎರಡನೇ ಸೀಸನ್ ಬರಲಿಲ್ಲ. ಒಂದು ಕಂತಿಗೆ ಸುಮಾರು 2.5 ಕೋಟಿ ಡಾಲರ್ ಖರ್ಚಾಗಿದೆ ಎಂದು ವರದಿಯಾಗಿತ್ತು. ಬಜೆಟ್ ಕೈಮೀರಿದ್ದೇ ಕಾರಣ ಎಂಬ ಅರ್ಥದಲ್ಲಿ 2024ರ ಜನವರಿಯಲ್ಲಿ ಮಸ್ಲಾನಿ ಮಾತಾಡಿದರು. ಅದಕ್ಕೂ ಮುಂಚೆ, 2023ರ ಸೆಪ್ಟೆಂಬರ್‌ನಲ್ಲಿ, ಮಾರ್ವೆಲ್‌ನ ಗ್ರಾಫಿಕ್ಸ್ ಕೆಲಸಗಾರರು ಯೂನಿಯನ್ ಕಟ್ಟಿಕೊಳ್ಳಲು ಒಮ್ಮತದಿಂದ ಮತ ಹಾಕಿದ್ದರು.