ನಲ್ಲಿಯ ಥ್ರೆಡ್ಡಿನಲ್ಲಿ ಉಳಿದಿರುವ ವಿಟ್‌ವರ್ತ್

ಮನೆಯ ಅರ್ಧ ಇಂಚಿನ ನಲ್ಲಿಯನ್ನು ಬಿಚ್ಚಿ ಅದರ ಥ್ರೆಡ್ಡಿಗೆ ಕ್ಯಾಲಿಪರ್ ಹಿಡಿದರೆ ಹೊರ ವ್ಯಾಸ ಸುಮಾರು 20.9 ಮಿ.ಮೀ. ಬರುತ್ತದೆ. ಇಂಚಿಗೆ 14 ಸುತ್ತು. ಸುತ್ತಿನ ಎರಡು ಓರೆಗಳ ನಡುವಿನ ಕೋನ 55 ಡಿಗ್ರಿ. ಈ 55 ಅನ್ನು ನಿಗದಿ ಮಾಡಿದ್ದು ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್, 1841ರಲ್ಲಿ. ಆದರೆ ಥ್ರೆಡ್ಡಿಗಿಂತ ಮೊದಲು ಅವರು ಮಾಡಿದ ಇನ್ನೊಂದು ಕೆಲಸವಿದೆ: ಲೋಹದ ಮುಖವನ್ನು ನಿಖರವಾಗಿ ಸಮತಟ್ಟು ಮಾಡುವ ಕ್ರಮವನ್ನು ತೋರಿಸಿದ್ದು. ಯಂತ್ರಕಾರ್ಖಾನೆಯಲ್ಲಿ ದುಡಿಯುವವರು ಅವರನ್ನು ನೆನೆಯಬೇಕಾದದ್ದು ಮುಖ್ಯವಾಗಿ ಅದಕ್ಕಾಗಿ ಎಂಬುದು ನನ್ನ ದೃಢ ಅಭಿಪ್ರಾಯ.

1803ರಲ್ಲಿ ಸ್ಟಾಕ್‌ಪೋರ್ಟ್‌ನಲ್ಲಿ ಹುಟ್ಟಿದ ವಿಟ್‌ವರ್ತ್ ಬಂಧುವೊಬ್ಬರ ಹತ್ತಿ ಗಿರಣಿಯಲ್ಲಿ ಯಂತ್ರಗಳ ಪರಿಚಯ ಮಾಡಿಕೊಂಡರು. ನಂತರ ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೇ ಕಾರ್ಖಾನೆಯಲ್ಲೂ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜರ ಲೆಕ್ಕದ ಯಂತ್ರದ ಭಾಗಗಳನ್ನು ತಯಾರಿಸುತ್ತಿದ್ದ ಜೋಸೆಫ್ ಕ್ಲೆಮೆಂಟ್ ಬಳಿಯೂ ದುಡಿದರು. 1833ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸ್ವಂತ ಕಾರ್ಖಾನೆ ತೆರೆದರು.

ಆ ಕಾಲದಲ್ಲಿ ಎರಡು ಲೋಹದ ಮುಖಗಳನ್ನು ಸಮತಟ್ಟು ಮಾಡಲು ನಡುವೆ ಎಮರಿ ಪುಡಿ ಹಾಕಿ ಒಂದರ ಮೇಲೊಂದು ಉಜ್ಜುವುದು ರೂಢಿಯಾಗಿತ್ತು. ಪುಡಿ ಎಲ್ಲ ಕಡೆ ಒಂದೇ ಸಮ ಹರಡುವುದಿಲ್ಲ. ಹೆಚ್ಚು ಸೇರಿದ ಕಡೆ ಹೆಚ್ಚು ಸವೆಯುತ್ತದೆ. ಮುಖ ಹೊಳೆಯುತ್ತದೆ, ಆದರೆ ಸಮತಟ್ಟಾಗಿರುವುದಿಲ್ಲ. 1840ರಲ್ಲಿ ಗ್ಲಾಸ್ಗೋದಲ್ಲಿ ಮಂಡಿಸಿದ ಪ್ರಬಂಧದಲ್ಲಿ ವಿಟ್‌ವರ್ತ್ ಉಜ್ಜುವುದನ್ನು ಬಿಟ್ಟು ಸ್ಕ್ರೇಪರ್‌ನಿಂದ ಹೆರೆಯಬೇಕು ಎಂದು ವಾದಿಸಿದರು. ಮೂರು ಫಲಕಗಳ ಕ್ರಮವನ್ನೂ ವಿವರಿಸಿದರು. ಈ ದಾರಿಯ ಮೂಲ ಮಾಡ್‌ಸ್ಲೇ ಕಾರ್ಖಾನೆಯಲ್ಲೇ ಇತ್ತು, ಆ ಋಣವನ್ನು ಮರೆಯುವಂತಿಲ್ಲ.

ಕ್ರಮ ಹೀಗಿದೆ. ಹಿಂಬದಿಯಲ್ಲಿ ಪಕ್ಕೆಲುಬುಗಳಿರುವ, ಮೂರು ಬಿಂದುಗಳ ಮೇಲೆ ಕೂರುವ ಎರಕದ ಕಬ್ಬಿಣದ ಫಲಕಗಳು ಮೂರು: ಕ, ಖ, ಗ. ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣಿನ ಬಣ್ಣವನ್ನು ಒಂದರ ಮೇಲೆ ಅತಿ ತೆಳುವಾಗಿ ಸವರಿ ಇನ್ನೊಂದನ್ನು ಮೆಲ್ಲಗೆ ಆಡಿಸಬೇಕು. ಉಬ್ಬಿದ ಜಾಗಕ್ಕೆ ಬಣ್ಣ ಹತ್ತುತ್ತದೆ, ಅಲ್ಲಿ ಮಾತ್ರ ಹೆರೆಯಬೇಕು. ಕ ಮತ್ತು ಖ ಪೂರ್ತಿ ಹೊಂದಿದವು ಎನ್ನೋಣ. ಅಷ್ಟರಿಂದ ಸಮತಟ್ಟು ಎನ್ನಲಾಗದು, ಏಕೆಂದರೆ ಕ ಉಬ್ಬಿದ್ದು ಖ ಅಷ್ಟೇ ತಗ್ಗಿದ್ದರೂ ಅವು ಹೊಂದುತ್ತವೆ. ಈಗ ಗ ಫಲಕವನ್ನು ಕ-ಗೆ ಹೊಂದಿಸಿದರೆ ಅದೂ ಖ-ದಂತೆಯೇ ತಗ್ಗಾಗುತ್ತದೆ. ಬಳಿಕ ಖ ಮತ್ತು ಗ ಎದುರುಬದುರಾದಾಗ ಗುಟ್ಟು ರಟ್ಟಾಗುತ್ತದೆ: ಅಂಚುಗಳಿಗೆ ಮಾತ್ರ ಬಣ್ಣ, ನಡುವೆ ಖಾಲಿ. ತಪ್ಪು ಇಮ್ಮಡಿಯಾಗಿ ಕಾಣುತ್ತದೆ. ಎರಡರ ಅಂಚನ್ನೂ ಸಮಸಮ ಹೆರೆದು, ಕ-ಯನ್ನು ಮತ್ತೆ ಖ-ಗೆ ಹೊಂದಿಸಿ, ಸುತ್ತು ಮುಂದುವರಿಸಬೇಕು. ಮೂರೂ ಒಂದಕ್ಕೊಂದು ಹೊಂದುವುದು ಸಮತಟ್ಟಾದಾಗಲೇ. ಇದಕ್ಕೆ ಮಾದರಿ ಫಲಕ ಬೇಕಿಲ್ಲ, ಅಳತೆಪಟ್ಟಿಯೂ ಬೇಕಿಲ್ಲ. ಯಾವ ಪ್ರಮಾಣವೂ ಇಲ್ಲದೆ ಪ್ರಮಾಣವೊಂದನ್ನು ಹುಟ್ಟಿಸುವ ಈ ಉಪಾಯ ನನಗೆ ಇಂದಿಗೂ ಬೆರಗು.

ಕೆಡುವುದು ಮೂರು ಕಡೆ. ಬಣ್ಣ ದಪ್ಪವಾದರೆ ತಗ್ಗಿಗೂ ಹತ್ತಿ ಸುಳ್ಳು ಹೇಳುತ್ತದೆ. ಅಂಗೈಯ ಬಿಸಿಗೆ ಫಲಕ ಬಾಗುತ್ತದೆ, ಆದ್ದರಿಂದ ತಣಿಯಲು ಬಿಡಬೇಕು. ಫಲಕಗಳನ್ನು ಸದಾ ಒಂದೇ ದಿಕ್ಕಿನಲ್ಲಿ ಜೋಡಿಸಿದರೆ ಮೂರರಲ್ಲೂ ಒಂದೇ ತಿರುಚು ಉಳಿದು ಹೊಂದಿದಂತೆ ಕಾಣಬಹುದು. ಚೌಕ ಫಲಕವನ್ನು ನಡುನಡುವೆ 90 ಡಿಗ್ರಿ ತಿರುಗಿಸಿ ನೋಡಿದರೆ ಅದು ಹೊರಬೀಳುತ್ತದೆ.

ನಿಖರ ಮುಖ ಸಿಕ್ಕ ಮೇಲೆ ನಿಖರ ಅಳತೆ ಸಾಧ್ಯವಾಯಿತು. ಅವರ ಅಳತೆಯಂತ್ರದಲ್ಲಿ ಇಂಚಿಗೆ 20 ಸುತ್ತಿನ ಸ್ಕ್ರೂ, ಅದನ್ನು ತಿರುಗಿಸಲು 200 ಹಲ್ಲಿನ ಚಕ್ರ, ಆ ಚಕ್ರವನ್ನು ನಡೆಸಲು 250 ಗೆರೆಗಳ ಇನ್ನೊಂದು ಚಕ್ರ; ಇದು ಒಂದು ಸುತ್ತು ತಿರುಗಿದರೆ ಹಲ್ಲಿನ ಚಕ್ರ ಒಂದು ಹಲ್ಲು ಸರಿಯುತ್ತದೆ. ಗುಣಿಸಿದರೆ 10 ಲಕ್ಷ: ಒಂದು ಗೆರೆ ಸರಿದರೆ ಇಂಚಿನ ಹತ್ತು ಲಕ್ಷದಲ್ಲೊಂದು ಭಾಗ.

ಥ್ರೆಡ್ಡಿನ ವಿಷಯದಲ್ಲೂ ಅವರದು ಹೋಲಿಸಿ ನೋಡುವ ದಾರಿಯೇ. ಪ್ರತಿ ಕಾರ್ಖಾನೆಯೂ ತನ್ನದೇ ಥ್ರೆಡ್ ಕತ್ತರಿಸುತ್ತಿದ್ದುದರಿಂದ ಒಂದು ನಟ್ ಕಳೆದರೆ ಬೇರೆಡೆಯದು ಕೂರುತ್ತಿರಲಿಲ್ಲ. ವಿಟ್‌ವರ್ತ್ ಹಲವು ಕಾರ್ಖಾನೆಗಳ ಬೋಲ್ಟ್‌ಗಳನ್ನು ತರಿಸಿ ಅಳೆದು ಸರಾಸರಿ ಹಿಡಿದರು: ಕೋನ 55 ಡಿಗ್ರಿ, ಆಳ ಪಿಚ್ಚಿನ (ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ದೂರದ) 0.64 ಪಾಲು, ಮೇಲಿನ ಮತ್ತು ಕೆಳಗಿನ ಆರನೇ ಒಂದು ಭಾಗ ದುಂಡು. ಕಾಲು ಇಂಚಿನ ಬೋಲ್ಟಿಗೆ ಇಂಚಿಗೆ 20 ಸುತ್ತು, ಅರ್ಧ ಇಂಚಿನದಕ್ಕೆ 12, ಒಂದು ಇಂಚಿನದಕ್ಕೆ 8. ದುಂಡು ತಳದಲ್ಲಿ ಬಿರುಕು ಸುಲಭಕ್ಕೆ ಹುಟ್ಟುವುದಿಲ್ಲ, ಅದು ದೊಡ್ಡ ಲಾಭ. ಆದರೆ ಆ ದುಂಡನ್ನು ಸರಿಯಾಗಿ ಕತ್ತರಿಸುವುದು ಕಷ್ಟ, ದುಬಾರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ 60 ಡಿಗ್ರಿಯ, ಚಪ್ಪಟೆ ತುದಿಯ ಥ್ರೆಡ್ ಮುಂದಿಟ್ಟದ್ದು ಇದೇ ಕಾರಣಕ್ಕೆ. ಅದರಲ್ಲಿ ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 13 ಸುತ್ತು. ಎರಡನೇ ಮಹಾಯುದ್ಧದಲ್ಲಿ ಮಿತ್ರದೇಶಗಳ ಬಿಡಿಭಾಗಗಳು ಒಂದಕ್ಕೊಂದು ಕೂರದೆ ಪಟ್ಟ ಪಾಡಿನ ನಂತರ, 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ 60 ಡಿಗ್ರಿಗೆ ಒಪ್ಪಿದವು.

ಷಟ್ಕೋನ ಕೊಳವೆಯ ಬಂದೂಕನ್ನೂ ಅವರು ಮಾಡಿದರು, ಅದು ಬ್ರಿಟಿಷ್ ಸೈನ್ಯದ ಎನ್‌ಫೀಲ್ಡ್ ಬಂದೂಕಿಗಿಂತ ನಿಖರವಾಗಿ ಗುರಿ ಹೊಡೆಯಿತು. ಎಂಜಿನಿಯರಿಂಗ್ ಕಲಿಯುವವರಿಗಾಗಿ 1868ರಲ್ಲಿ ಸ್ಥಾಪಿಸಿದ ವಿದ್ಯಾರ್ಥಿವೇತನ ಇನ್ನೂ ನಡೆಯುತ್ತಿದೆ. 1887ರಲ್ಲಿ ತೀರಿಕೊಂಡರು.

ಬೋಲ್ಟಿನಿಂದ ಮರೆಯಾಗುತ್ತ ಬಂದ 55 ಡಿಗ್ರಿ ಪೈಪಿನಲ್ಲಿ ಗಟ್ಟಿಯಾಗಿ ಉಳಿಯಿತು. ನಮ್ಮ ಜಿಐ ಪೈಪು, ನಲ್ಲಿ, ವಾಲ್ವುಗಳದು ಅದೇ. ‘ಅರ್ಧ ಇಂಚು’ ಎನ್ನುವುದು ಹಳೆಯ ಕಬ್ಬಿಣದ ಪೈಪಿನ ಒಳ ವ್ಯಾಸದ ಲೆಕ್ಕ, ಆದ್ದರಿಂದಲೇ ಥ್ರೆಡ್ಡಿನ ಅಳತೆ 21 ಮಿ.ಮೀ. ಹತ್ತಿರ ಬರುತ್ತದೆ. ತೊಂದರೆ ಬರುವುದು ಅಮೆರಿಕದ ಪೈಪ್ ಮಾನಕವಾದ ಎನ್‌ಪಿಟಿ ಥ್ರೆಡ್ಡಿನ ಫಿಲ್ಟರ್, ಗೇಜ್ ಇತ್ಯಾದಿ ಜೋಡಿಸುವಾಗ. ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಹಾಗಾಗಿ ಮೊದಲ ಕೆಲವು ಸುತ್ತು ಹಾಯಾಗಿ ಹೋಗುತ್ತದೆ. ಕೋನ ಮಾತ್ರ 60. ಓರೆಗಳು ಪೂರ್ತಿ ಕೂರದೆ ನಡುವೆ ಸುರುಳಿ ಸಂದು ಉಳಿಯುತ್ತದೆ. ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ಒತ್ತಡ ಏರಿದಾಗ ಅಲ್ಲಿಂದಲೇ ಜಿನುಗುತ್ತದೆ. ಒಂದು ಇಂಚಿನ ಪೈಪಿನಲ್ಲಿ ನಮ್ಮ 11ಕ್ಕೆ ಎದುರು ಎನ್‌ಪಿಟಿಯಲ್ಲಿ ಹನ್ನೊಂದೂವರೆ ಸುತ್ತು ಇರುವುದರಿಂದ ಬೇಗ ಬಿಗಿದು ತಪ್ಪು ತಿಳಿದುಬಿಡುತ್ತದೆ. ಅನುಮಾನವಿದ್ದರೆ 55 ಡಿಗ್ರಿಯ ಪಿಚ್ ಗೇಜ್ (ಥ್ರೆಡ್ಡಿನ ಆಕಾರದ ಹಲ್ಲುಗಳಿರುವ ತಗಡು) ಇಟ್ಟು ಬೆಳಕಿಗೆ ಹಿಡಿಯಿರಿ: ಓರೆಯ ಉದ್ದಕ್ಕೂ ಬೆಳಕು ನುಸುಳಬಾರದು.

ಇನ್ನು 16ಕ್ಕೆ 1ರಂತೆ ಸಣ್ಣದಾಗುತ್ತ ಹೋಗುವ ಥ್ರೆಡ್ ಬಿಗಿದಷ್ಟೂ ಬೆಣೆಯಾಗಿ ಕೂರುತ್ತದೆ, ಟೇಪು ಬೇಕಿರುವುದು ಇದಕ್ಕೆ. ಪೈಪಿನ ತುದಿ ನಿಮ್ಮತ್ತ ಇಟ್ಟು ಟೇಪನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ, ಮೊದಲ ಸುತ್ತು ಬಿಟ್ಟು ಸುತ್ತಿ. ಒಂದೇ ಗಾತ್ರದ ನೇರ ಥ್ರೆಡ್ಡಿನಲ್ಲಿ ನೀರು ತಡೆಯುವುದು ವಾಷರ್. ಮತ್ತು ಬೆಣೆಯಂಥ ಲೋಹದ ಥ್ರೆಡ್ಡನ್ನು ಬರಿಯ ಪ್ಲಾಸ್ಟಿಕ್ ಸಾಕೆಟ್ಟಿಗೆ ಬಿಗಿಯಬೇಡಿ, ಸಾಕೆಟ್ ಉದ್ದಕ್ಕೆ ಸೀಳುತ್ತದೆ. ಒಳಗೆ ಹಿತ್ತಾಳೆಯ ಥ್ರೆಡ್ ಕೂರಿಸಿರುವ ಸಾಕೆಟ್ ಕೇಳಿ ತನ್ನಿ.