ನೈಲಾನ್ ಗೇರ್‌ಗೆ ಮಳೆಗಾಲದ ಲೆಕ್ಕವೇ ಬೇರೆ

ಅಡಿಕೆ ಸುಲಿಯುವ ಯಂತ್ರ ತಯಾರಿಸುವವರು ನೈಲಾನ್ ಗೇರ್ ಹಿಡಿದು ಬಂದಾಗ ಹೇಳುವುದು ಹೆಚ್ಚುಕಡಿಮೆ ಇದನ್ನೇ: “ಸರ್, ಸಿಮ್ಯುಲೇಶನ್‌ನಲ್ಲಿ ಹಲ್ಲು ಇಷ್ಟು ಬಾಗೋದಿಲ್ಲ ಅಂತ ಬಂದಿತ್ತು. ಯಂತ್ರದಲ್ಲಿ ನೋಡಿದ್ರೆ ಎರಡರಷ್ಟು ಬಾಗ್ತಿದೆ. ಸಾಫ್ಟ್‌ವೇರ್ ಕೈ ಕೊಡ್ತಾ?” ಮಾಡ್ಯುಲಸ್ (ವಸ್ತು ಬಾಗದೆ, ಹಿಗ್ಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎನ್ನುವ ಅಳತೆ) ಎಲ್ಲಿಂದ ತಗೊಂಡ್ರಿ, ಟೆಸ್ಟ್ ಮಾಡಿದ ತುಂಡು ಒಣಗಿತ್ತೋ ನೀರು ಕುಡಿದಿತ್ತೋ ಎಂದು ನಾನು ತಿರುಗಿ ಕೇಳುತ್ತೇನೆ.

ನೈಲಾನ್ 6 ಗಾಳಿಯಿಂದಲೇ ನೀರು ಹೀರುತ್ತದೆ. 23 ಡಿಗ್ರಿ, ಶೇ 50 ಆರ್ದ್ರತೆಯಲ್ಲಿ ತೂಕದ ಶೇ 2.5ರಿಂದ 3ರಷ್ಟು, ನೀರಿನಲ್ಲೇ ಮುಳುಗಿಸಿಟ್ಟರೆ ಶೇ 9ರ ಆಸುಪಾಸು. ನೀರಿನ ಅಣುಗಳು ನೈಲಾನಿನ ಉದ್ದನೆಯ ಅಣು ಸರಪಳಿಗಳ ನಡುವೆ ನುಗ್ಗಿ, ಅವನ್ನು ಹಿಡಿದಿಟ್ಟ ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತವೆ. ಒಣಗಿದ್ದಾಗ ಸುಮಾರು 3000 ಮೆಗಾಪ್ಯಾಸ್ಕಲ್ ಇದ್ದ ಮಾಡ್ಯುಲಸ್ ಶೇ 50 ಆರ್ದ್ರತೆಯಲ್ಲೇ 1000ದ ಹತ್ತಿರಕ್ಕೆ ಇಳಿಯುತ್ತದೆ. ಮುಚ್ಚಳ ತೆಗೆದಿಟ್ಟ ಡಬ್ಬಿಯ ಹಪ್ಪಳದ ಹಾಗೆ.

ಡೇಟಾ ಶೀಟ್‌ನಲ್ಲಿ ಎರಡು ಕಾಲಂ ಇರುತ್ತವೆ: ಒಣಗಿದ್ದು, ಶೇ 50 ಆರ್ದ್ರತೆಗೆ ಹೊಂದಿಸಿದ್ದು. ಹೆಚ್ಚಿನವರು ಮೊದಲನೆಯದನ್ನು ಎತ್ತಿಕೊಳ್ಳುತ್ತಾರೆ, ದೊಡ್ಡ ಸಂಖ್ಯೆ ನೋಡಲು ಚಂದ. ಆದರೆ ಪುನರ್ವಸು, ಪುಷ್ಯ ಮಳೆ ಹಿಡಿದಾಗ ಹೊಸನಗರ, ಆಗುಂಬೆ ಕಡೆಯ ಕೊಟ್ಟಿಗೆಯಲ್ಲಿ ನಿಂತ ಯಂತ್ರಕ್ಕೆ ಎರಡನೆಯ ಕಾಲಂ ಕೂಡ ತೀರಾ ಒಣ. ಇನ್ನೊಂದು ತೊಡಕು: ದಪ್ಪ ಎರಡು ಪಟ್ಟಾದರೆ ನೀರು ಒಳಗಿಳಿಯಲು ಸುಮಾರು ನಾಲ್ಕು ಪಟ್ಟು ಕಾಲ ಬೇಕು. ಹಾಗಾಗಿ ತೆಳು ಹಲ್ಲು ಮೆತ್ತಗಾಗಿರುತ್ತದೆ, ನಡುವಿನ ದಪ್ಪ ಭಾಗ ಇನ್ನೂ ಗಟ್ಟಿ. ಇಡೀ ಗೇರ್‌ಗೆ ಒಂದೇ ಮಾಡ್ಯುಲಸ್ ಕೊಟ್ಟರೆ ಲೆಕ್ಕ ಕೂಡುವುದಾದರೂ ಹೇಗೆ?

ಟೆಸ್ಟ್ ಡೇಟಾವನ್ನೂ ಕಣ್ಣು ಮುಚ್ಚಿ ನಂಬಬೇಡಿ. ತುಂಡಿನ ಹಿಗ್ಗನ್ನು ನೇರವಾಗಿ ಅಳೆಯುವ ಎಕ್ಸ್‌ಟೆನ್ಸೋಮೀಟರ್ ಕ್ಲಿಪ್ ಹಾಕದೆ, ಎಳೆಯುವ ಯಂತ್ರದ ಚಲಿಸುವ ಅಡ್ಡಪಟ್ಟಿ (ಕ್ರಾಸ್‌ಹೆಡ್) ಎಷ್ಟು ಸರಿಯಿತು ಅಂತ ಮಾತ್ರ ಬರೆದುಕೊಂಡರೆ, ಹಿಡಿತದಲ್ಲಿ ಜಾರಿದ್ದೂ ಸ್ಟ್ರೇನ್ (ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗು) ಎಂದೇ ದಾಖಲಾಗುತ್ತದೆ. ಪ್ಲಾಸ್ಟಿಕ್ ಎಳೆದು ಪರೀಕ್ಷಿಸುವ ಮಾನದಂಡವಾದ ಐಎಸ್‌ಒ 527ರ ಪ್ರಕಾರ ಮಾಡ್ಯುಲಸ್ ಲೆಕ್ಕ ಹಾಕುವುದು ಶೇ 0.05ರಿಂದ 0.25ರ ಸ್ಟ್ರೇನ್ ನಡುವೆ. ಅಷ್ಟು ಚಿಕ್ಕ ಜಾಗದಲ್ಲಿ ಕೂದಲೆಳೆಯ ಜಾರಿಕೆಯೂ ದೊಡ್ಡದು. ವೇಗವೂ ಮುಖ್ಯ: ನಿಧಾನವಾಗಿ ಎಳೆದದ್ದಕ್ಕಿಂತ ಥಟ್ಟನೆ ಹೊಡೆತ ಬಿದ್ದಾಗ ನೈಲಾನಿನಂಥ ಪಾಲಿಮರ್ ಗಟ್ಟಿಯಾಗಿ ವರ್ತಿಸುತ್ತದೆ. ಶಾಶ್ವತವಾಗಿ ಬಾಗುವುದನ್ನು ಲೆಕ್ಕ ಹಾಕುವ ಪ್ಲಾಸ್ಟಿಸಿಟಿ ಮಾಡೆಲ್‌ಗೆ, ಲ್ಯಾಬ್‌ನ ಎಂಜಿನಿಯರಿಂಗ್ ಸ್ಟ್ರೆಸ್ (ಬಲವನ್ನು ತುಂಡಿನ ಮೂಲ ಅಡ್ಡಕೊಯ್ತದಿಂದ ಭಾಗಿಸಿದ್ದು) ಅನ್ನು ಟ್ರೂ ಸ್ಟ್ರೆಸ್‌ಗೆ (ಎಳೆದು ತೆಳುವಾದ ಅಡ್ಡಕೊಯ್ತದಿಂದ ಭಾಗಿಸಿದ್ದು) ಬದಲಿಸದೆ ತುಂಬುವವರೂ ಇದ್ದಾರೆ, ಅದು ಹಳೇ ಕಥೆ.

ಟೆಸ್ಟ್‌ನದೂ ಸಿಮ್ಯುಲೇಶನ್‌ನದೂ ಎರಡು ಕರ್ವ್ ಒಂದರ ಮೇಲೊಂದು ಕೂರುವವರೆಗೆ ಪ್ಯಾರಾಮೀಟರ್ ತಿರುವುತ್ತಾ ಹೋಗುವ ಚಟ ನನಗೆ ಹಿಡಿಸುವುದಿಲ್ಲ. ಎಳೆತದ ಡೇಟಾದಿಂದ ಕಟ್ಟಿದ ಮಾಡೆಲ್ ಎಳೆತಕ್ಕೆ ಹೊಂದಿದರೆ ಅದರಲ್ಲೇನು ಹೆಚ್ಚುಗಾರಿಕೆ? ಅಷ್ಟೇ ನೀರು ಕುಡಿದ ಇನ್ನೊಂದು ಪಟ್ಟಿಯನ್ನು ಮೂರು ಬಿಂದುಗಳ ಮೇಲೆ ಬಾಗಿಸಿ ನೋಡಿ. ಅಲ್ಲೂ ಸರಿಹೊಂದಿದರೆ ನಾನು ಒಪ್ಪುತ್ತೇನೆ.

ಪ್ರತಿ ತುಂಡನ್ನೂ ಒಣಗಿಸಿದಾಗ ಒಮ್ಮೆ, ಟೆಸ್ಟ್‌ಗೆ ಮೊದಲು ಒಮ್ಮೆ ಮಿಲಿಗ್ರಾಂ ತಕ್ಕಡಿಯಲ್ಲಿ ತೂಗಿ, ಎರಡೂ ತೂಕವನ್ನು ಕರ್ವ್ ಪಕ್ಕ ಬರೆದಿಡಿ. ಇಷ್ಟು ರಗಳೆ ಬೇಡ ಎನ್ನುವವರಿಗೆ ಅಸಿಟಾಲ್ ಎಂಬ ಇನ್ನೊಂದು ಗೇರ್ ಪ್ಲಾಸ್ಟಿಕ್ ಇದೆ. ಮುಳುಗಿಸಿಟ್ಟರೂ ಅದು ಹೀರುವ ನೀರು ಶೇ 1ರ ಆಸುಪಾಸು ಮಾತ್ರ.